ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳು ಆನ್‌ಲೈನ್‌ನಲ್ಲಿ ಹ್ಯುಮ್ಯಾನಿಟೀಸ್ ಕಲಿಯುವುದು ಹೇಗೆ: ಹಂತ ಹಂತವಾಗಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಕೂಡ್ಲೆ ಮಂಜೇಶ್ವರ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮಗಳಿಗೆ ಹ್ಯುಮ್ಯಾನಿಟೀಸ್ ಬೇಕಂತೆ, ಇಷ್ಟರವರೆಗೆ ಕಲಿತದ್ದು ಕನ್ನಡದಲ್ಲಿ, ಇನ್ನು ಪುಸ್ತಕ ಇಂಗ್ಲಿಷ್, ಹತ್ತಿರದಲ್ಲಿ ಟ್ಯೂಷನ್ ಇರುವುದೆಲ್ಲ ಸೈನ್ಸಿಗೆ, ಆನ್‌ಲೈನ್ ಕ್ಲಾಸ್ ಯಾವುದಾದ್ರೂ ಉಂಟಾ, ಅದರಿಂದ ಪ್ರಯೋಜನ ಆಗ್ತದಾ. ಎಂಟು ಒಂಬತ್ತು ಹತ್ತರ ಮಕ್ಕಳ ಮನೆಯವರೂ ಸಮಾಜ ವಿಜ್ಞಾನಕ್ಕೆ ಇದನ್ನೇ ಕೇಳ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಟ್ಟಿಗೆ ಇಲ್ಲಿ ಬರೀತಾ ಇದ್ದೇನೆ.

ಹ್ಯುಮ್ಯಾನಿಟೀಸ್ ಅಂದ್ರೆ ಕರ್ನಾಟಕದಲ್ಲಿ ಆರ್ಟ್ಸ್ ಅಂತ ಹೇಳ್ತಾರಲ್ಲ, ಅದೇ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರ ಈ ಗುಂಪು. ಇದರ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಈ ವಿಷಯಗಳು ವಿಡಿಯೋ ನೋಡಿ ಬರುವುದಿಲ್ಲ, ಬರೆದು ಬರ್ತವೆ. ಬರೆಸಿ, ಬರೆದದ್ದನ್ನು ಓದಿ, ತಿದ್ದಿ ವಾಪಸ್ ಕೊಡುವ ಕ್ಲಾಸ್ ಸಿಕ್ಕಿದ್ರೆ ಬಿಡಬೇಡಿ, ಅದಿಲ್ಲದ ಕ್ಲಾಸಿಗೆ ಎಷ್ಟು ದುಡ್ಡು ಕೊಟ್ರೂ ಅಷ್ಟೇ.

ಮೊದಲು ಕೈಯಲ್ಲಿ ಇರಬೇಕಾದ್ದು

ಹೆಚ್ಚೇನೂ ಬೇಡ. ಒಂದು ಫೋನ್ (ಲ್ಯಾಪ್‌ಟಾಪ್ ಇದ್ರೆ ಒಳ್ಳೇದು, ಇಲ್ಲದಿದ್ರೆ ಬೇಜಾರು ಮಾಡ್ಬೇಡಿ), ಇಯರ್‌ಫೋನ್, ಪ್ರಿಂಟ್ ಆದ ಪಠ್ಯಪುಸ್ತಕ, ಎರಡು ದಪ್ಪ ನೋಟ್‌ಬುಕ್, ಒಂದು ಅಟ್ಲಾಸ್, ಔಟ್‌ಲೈನ್ ಮ್ಯಾಪ್ ಅಂದ್ರೆ ಗಡಿಗೆರೆ ಮಾತ್ರ ಇರುವ ಖಾಲಿ ನಕ್ಷೆಗಳ ಒಂದು ಕಟ್ಟು. ಪುಸ್ತಕದ ಪಿಡಿಎಫ್ ಫೋನಲ್ಲಿ ಉಂಟು ಸಾಕು ಅಂತ ಮಕ್ಕಳು ಹೇಳ್ತಾರೆ, ಒಪ್ಪಬೇಡಿ. ಕ್ಲಾಸ್ ನಡೀತಿರುವುದು ಅದೇ ಫೋನಲ್ಲಿ, ಮತ್ತೆ ಪುಸ್ತಕ ಎಲ್ಲಿ ತೆರೆಯುದು? ಪಿಡಿಎಫ್ ಮಾತ್ರ ಸಿಗುವ ಪುಸ್ತಕವಾದ್ರೆ ಬೇಕಾದ ಅಧ್ಯಾಯವನ್ನಾದ್ರೂ ಅಕ್ಷಯ ಕೇಂದ್ರದಲ್ಲಿ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಪ್ರಿಂಟ್ ತೆಗೆಸಿ.

1. ಸಿಲಬಸ್ ಯಾವುದು ಅಂತ ಗಟ್ಟಿ ಮಾಡಿ

ಅತಿ ಹೆಚ್ಚು ಮಕ್ಕಳು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೇನೆ.

ಯೂಟ್ಯೂಬಲ್ಲಿ ‘ಹತ್ತನೇ ತರಗತಿ ಸಮಾಜ ವಿಜ್ಞಾನ’ ಅಂತ ಕನ್ನಡದಲ್ಲಿ ಟೈಪ್ ಮಾಡಿದ್ರೆ ಬರುವುದು ಬಹುತೇಕ ಕರ್ನಾಟಕದ ಪಾಠ. ಭಾಷೆ ನಮ್ಮದೇ, ಕಲಿಸುವವರೂ ಚೆಂದ ಕಲಿಸ್ತಾರೆ, ಮಗು ಖುಷಿಯಲ್ಲಿ ಎರಡು ತಿಂಗಳು ನೋಡ್ತದೆ, ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಮಾತ್ರ ಬೇರೆ ಪುಸ್ತಕದ್ದು. ಕರ್ನಾಟಕದ ಹತ್ತನೇ ಪುಸ್ತಕದಲ್ಲಿ ವ್ಯವಹಾರ ಅಧ್ಯಯನ ಅಂತ ಒಂದು ಭಾಗವೇ ಉಂಟು, ನಮ್ಮಲ್ಲಿ ಅದಿಲ್ಲ. ನಮ್ಮ ಮಕ್ಕಳು ಓದಬೇಕಾದ್ದು ಕೇರಳ ಎಸ್‌ಸಿಇಆರ್‌ಟಿ (ರಾಜ್ಯದ ಪಠ್ಯಪುಸ್ತಕ ತಯಾರಿಸುವ ಸಂಸ್ಥೆ) ಪ್ರಕಟಿಸಿದ ಕನ್ನಡ ಮಾಧ್ಯಮದ ಪುಸ್ತಕ. ಹಾಗಂತ ಕರ್ನಾಟಕದ ವಿಡಿಯೋ ಪೂರ್ತಿ ಬಿಡಿ ಅಂತ ಅಲ್ಲ. ಸಂವಿಧಾನದ ಮೂಲಭೂತ ಹಕ್ಕು, ಎರಡನೇ ಮಹಾಯುದ್ಧ, ರಾಷ್ಟ್ರೀಯ ಆದಾಯ ಇಂಥ ವಿಷಯ ಕನ್ನಡದಲ್ಲಿ ಅರ್ಥ ಮಾಡ್ಕೊಳ್ಳಿಕ್ಕೆ ಅದು ಒಳ್ಳೇದೇ, ಉತ್ತರ ಬರೆಯುವಾಗ ಮಾತ್ರ ನಿಮ್ಮ ಪುಸ್ತಕಕ್ಕೆ ವಾಪಸ್ ಬನ್ನಿ.

ಎರಡನೇ ಗುಂಡಿ ಹಳೇ ವಿಡಿಯೋ. ಕೊರೋನ ಸಮಯದಲ್ಲಿ, 2020ರ ಜೂನ್ 1ರಿಂದ, ಕೇರಳ ಸರ್ಕಾರದ ಶಿಕ್ಷಣದ ಟಿವಿ ಚಾನೆಲ್ ಕೈಟ್ ವಿಕ್ಟರ್ಸಲ್ಲಿ ‘ಫಸ್ಟ್ ಬೆಲ್’ ಅಂತ ಕ್ಲಾಸ್ ಶುರುವಾಯ್ತು, ಅದರ ರೆಕಾರ್ಡಿಂಗ್ ಈಗಲೂ ಸಿಗ್ತದೆ. ಆದರೆ ಕೇರಳದ ಪಠ್ಯಪುಸ್ತಕ ಆಮೇಲೆ ಬದಲಾಗಿದೆ, ಒಂಬತ್ತನೇ ಕ್ಲಾಸಿಗೆ ಹೊಸ ಪುಸ್ತಕ ಬಂದದ್ದು 2024ರಲ್ಲಿ, ಎಂಟು ಮತ್ತು ಹತ್ತಕ್ಕೆ 2025ರಲ್ಲಿ. ಹಾಗಾಗಿ ಹೈಸ್ಕೂಲಿನವರು ವಿಡಿಯೋ ತೆರೆಯುವ ಮೊದಲು ಅದು ಅಪ್‌ಲೋಡ್ ಆದ ವರ್ಷ ನೋಡಿ, ಪಾಠದ ಹೆಸರು ನಿಮ್ಮ ಪುಸ್ತಕದ ಪರಿವಿಡಿಯಲ್ಲಿ ಉಂಟಾ ಅಂತ ನೋಡಿ. ಅರ್ಧ ನಿಮಿಷದ ಕೆಲಸ.

ಪ್ಲಸ್ ವನ್, ಪ್ಲಸ್ ಟೂದವರಿಗೆ (ಅಂದ್ರೆ ಹನ್ನೊಂದು, ಹನ್ನೆರಡನೇ ಕ್ಲಾಸ್) ಇನ್ನೊಂದು ತೊಡಕು ಉಂಟು. ಅಲ್ಲಿ ಪುಸ್ತಕ ಎನ್‌ಸಿಇಆರ್‌ಟಿಯದ್ದು, ಅಂದ್ರೆ ಕೇಂದ್ರದ್ದು. ಅದರ ವೆಬ್‌ಸೈಟಲ್ಲಿ ಎಲ್ಲಾ ಪುಸ್ತಕ ಉಚಿತ, ಹಾಗಾಗಿ ಮಕ್ಕಳು ಅಲ್ಲಿಂದಲೇ ಇಳಿಸಿಕೊಳ್ತಾರೆ. ಆದರೆ ಎನ್‌ಸಿಇಆರ್‌ಟಿ ಕೆಲವು ವರ್ಷದ ಹಿಂದೆ ಹಲವು ಭಾಗ ಕತ್ತರಿಸಿತು, ಹನ್ನೆರಡನೇ ಕ್ಲಾಸಿನ ಇತಿಹಾಸದಲ್ಲಿ ಮೊಘಲ್ ಆಸ್ಥಾನಗಳ ಬಗ್ಗೆ ಇದ್ದ ಒಂದು ಇಡೀ ಅಧ್ಯಾಯವೇ ಹೋಯ್ತು. ಕೇರಳ ಅದನ್ನು ಒಪ್ಪದೆ 2023ರ ಆಗಸ್ಟಲ್ಲಿ ಬಿಟ್ಟುಹೋದ ಭಾಗಗಳಿಗೆ ಹೆಚ್ಚುವರಿ ಪುಸ್ತಕ ತಂದಿತು. ಸಿಬಿಎಸ್ಇ ಮಕ್ಕಳಿಗೋಸ್ಕರ ಮಾಡಿದ ಆನ್‌ಲೈನ್ ಕ್ಲಾಸಲ್ಲಿ ಈ ಭಾಗ ಇರುವುದಿಲ್ಲ. ಹಾಗಾಗಿ ಪ್ಲಸ್ ಟೂ ಕ್ಲಾಸಿಗೆ ಸೇರುವ ಮೊದಲು ‘ಕೇರಳದ ಹೆಚ್ಚುವರಿ ಪುಸ್ತಕ ಕವರ್ ಮಾಡ್ತೀರಾ’ ಅಂತ ಕೇಳಿ, ಶಾಲೆಯ ಟೀಚರ್ ಹತ್ತಿರ ಈ ವರ್ಷದ ಪಾಠಪಟ್ಟಿ ಬರೆಸಿಕೊಳ್ಳಿ. ಆ ಪಟ್ಟಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಂಟಿಸಿ ಇಡಿ.

ಪ್ಲಸ್ ಟೂ ಪರೀಕ್ಷೆಯಲ್ಲಿ ಉತ್ತರ ಯಾವ ಭಾಷೆಯಲ್ಲಿ ಬರೀಬಹುದು ಅನ್ನುವುದನ್ನೂ ಜೂನಲ್ಲೇ ಪ್ರಿನ್ಸಿಪಾಲರ ಹತ್ತಿರ ಕೇಳಿ ತಿಳ್ಕೊಳ್ಳಿ. ಮುಂದಿನ ತಯಾರಿ ಎಲ್ಲ ಅದರ ಮೇಲೆ ನಿಂತಿದೆ, ಫೆಬ್ರವರಿಯಲ್ಲಿ ಕೇಳಿದ್ರೆ ಪ್ರಯೋಜನ ಇಲ್ಲ.

2. ಉಚಿತವಾಗಿ ಸಿಗುವುದನ್ನು ಮೊದಲು ಮುಗಿಸಿ

ದುಡ್ಡು ಕೊಡುವ ಮೊದಲು ಇವನ್ನು ನೋಡಿ.

ಸಮಗ್ರ ಪೋರ್ಟಲ್: ಇದು ಕೇರಳ ಸರ್ಕಾರದ ಕೈಟ್ ಸಂಸ್ಥೆಯದ್ದು. ಪಠ್ಯಪುಸ್ತಕ ಕನ್ನಡ ಮಾಧ್ಯಮದಲ್ಲೂ ಉಂಟು, ಜೊತೆಗೆ ಚಿತ್ರ, ವಿಡಿಯೋ, ಪ್ರಶ್ನೆಗಳು. ಭಾಷೆ ಆಯ್ಕೆ ಮಾಡುವಲ್ಲಿ ಕನ್ನಡ ಒತ್ತಿ.

ಕೈಟ್ ವಿಕ್ಟರ್ಸ್: ಮುಖ್ಯವಾಗಿ ಮಲಯಾಳದಲ್ಲಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕೇಳಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಮಾತ್ರ ಕಷ್ಟ. ಹಾಗಾಗಿ ಇದನ್ನು ಕೇಳುವ ಕ್ಲಾಸ್ ಅಂತ ಇಟ್ಕೊಳ್ಳಿ, ಬೋರ್ಡಲ್ಲಿ ಬರೆದದ್ದನ್ನು ನೋಟ್ಸ್ ಮಾಡ್ಲಿಕ್ಕೆ ಹೋಗ್ಬೇಡಿ.

ದೀಕ್ಷಾ ಆ್ಯಪ್: ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ರೆ ಅದನ್ನು ಇದರಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠಕ್ಕೆ ಸಂಬಂಧಪಟ್ಟ ವಿಡಿಯೋ ಬರ್ತದೆ.

ಸ್ವಯಂ: ಕೇಂದ್ರ ಸರ್ಕಾರದ್ದು. ಒಂಬತ್ತರಿಂದ ಹನ್ನೆರಡರವರೆಗೆ ಕೋರ್ಸ್ ಉಂಟು. ಪ್ಲಸ್ ವನ್ ಪ್ಲಸ್ ಟೂದವರಿಗೆ ನಾನು ಇದನ್ನೇ ಮೊದಲು ಹೇಳುದು, ಯಾಕಂದ್ರೆ ವಿಡಿಯೋ, ಓದುವ ಪಾಠ, ಸ್ವಪರೀಕ್ಷೆ ಎಲ್ಲ ವಾರ ವಾರಕ್ಕೆ ಜೋಡಿಸಿ ಕೊಡ್ತಾರೆ, ಮಗುವಿಗೆ ಒಂದು ಕ್ರಮ ಸಿಗ್ತದೆ. ನೋಂದಣಿಗೆ ಕೊನೇ ದಿನಾಂಕ ಇರ್ತದೆ, ಅದು ದಾಟಿಸ್ಬೇಡಿ.

ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್: ಹತ್ತರವರೆಗಿನ ಪುಸ್ತಕ ಉಚಿತ. ಇದು ಕನ್ನಡ ಪಾರಿಭಾಷಿಕ ಪದಗಳಿಗೆ, ಅಂದ್ರೆ ಆಯಾ ವಿಷಯದಲ್ಲಿ ಬಳಸುವ ಖಾಸ ಪದಗಳಿಗೆ ಮಾತ್ರ.

ಇಷ್ಟನ್ನೂ ಒಟ್ಟಿಗೆ ತೆರೆದು ಕೂರ್ಬೇಡಿ, ಮಗು ತಲೆ ತಿರುಗಿ ಬೀಳ್ತದೆ. ಒಂದು ಪಾಠಕ್ಕೆ ಒಂದು ವಿಡಿಯೋ, ಅರ್ಥ ಆಗದಿದ್ರೆ ಮಾತ್ರ ಎರಡನೆಯದ್ದು.

3. ಫೀಸಿನ ಕ್ಲಾಸ್ ಆದ್ರೆ ಈ ಪ್ರಶ್ನೆಗಳನ್ನು ಕೇಳಿ

ಲೈವ್ ಕ್ಲಾಸ್ ಅಂದ್ರೆ ಟೀಚರ್ ಆಗಲೇ ಮಾತಾಡ್ತಾ ಇರುವುದು, ಪ್ರಶ್ನೆ ಕೇಳಬಹುದು. ರೆಕಾರ್ಡೆಡ್ ಅಂದ್ರೆ ಮೊದಲೇ ಚಿತ್ರೀಕರಿಸಿಟ್ಟದ್ದು, ನಮಗೆ ಬೇಕಾದಾಗ ನೋಡಬಹುದು. ಎಷ್ಟೋ ಕಡೆ ಲೈವ್ ಅಂತ ಹೇಳಿ ರೆಕಾರ್ಡಿಂಗ್ ಹಾಕಿ ಬಿಡ್ತಾರೆ, ಟ್ರಯಲ್ ಕ್ಲಾಸಲ್ಲಿ ಮಗು ಒಂದು ಪ್ರಶ್ನೆ ಕೇಳಲಿ, ಆಗ ಗೊತ್ತಾಗ್ತದೆ.

ಕೇಳಬೇಕಾದ್ದು ಇಷ್ಟು. ಒಂದು ಬ್ಯಾಚಲ್ಲಿ ಎಷ್ಟು ಮಕ್ಕಳು? ವಾರಕ್ಕೆ ಎಷ್ಟು ಉತ್ತರ ಬರೆಸ್ತೀರಿ? ತಿದ್ದುವವರು ಯಾರು, ಕಲಿಸುವ ಟೀಚರಾ ಅಥವಾ ಬೇರೆಯವರಾ? ತಿದ್ದಿದ ಒಂದು ಹಳೇ ಉತ್ತರಪತ್ರಿಕೆ, ಹೆಸರು ಮುಚ್ಚಿ, ತೋರಿಸ್ತೀರಾ? ಈ ಕೊನೇ ಪ್ರಶ್ನೆಗೆ ಬರುವ ಉತ್ತರ ಸಾಕು. ಮೂರು ನಾಲ್ಕು ಸಾಲು ಕೆಂಪು ಶಾಯಿಯಲ್ಲಿ ‘ಕಾರಣ ಹೇಳಿದ್ದಿ, ಪರಿಣಾಮ ಹೇಳ್ಲಿಲ್ಲ’ ಅಂತ ಬರೆದಿದ್ರೆ ಅಲ್ಲಿ ಕೆಲಸ ನಡೀತದೆ ಅಂತ ಅರ್ಥ. ಬರೀ ಟಿಕ್ ಮಾರ್ಕ್ ಮತ್ತು ‘ಗುಡ್’ ಇದ್ರೆ ಬೇಡ.

ಇಡೀ ವರ್ಷದ ಫೀಸು ಒಮ್ಮೆಗೇ ಕಟ್ಟಬೇಡಿ, ತಿಂಗಳು ತಿಂಗಳು ಕೊಡ್ತೇವೆ ಅಂತ ಹೇಳಿ. ಕಂತಿನಲ್ಲಿ ಕೊಡಿ ಅಂತ ಹೇಳಿ ಸಾಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಆ್ಯಪ್‌ಗಳಿವೆ, ಕ್ಲಾಸ್ ಬಿಟ್ರೂ ಸಾಲ ಬಿಡುವುದಿಲ್ಲ. ಒಟಿಪಿ ಕೇಳಿದ್ರೆ ಫೋನ್ ಇಡಿ. ‘ಎ ಪ್ಲಸ್ ಗ್ಯಾರಂಟಿ’ ಅಂತ ಹೇಳುವವರಿಂದ ದೂರ ಇರಿ, ಇತಿಹಾಸದ ಉತ್ತರಕ್ಕೆ ಯಾರೂ ಗ್ಯಾರಂಟಿ ಕೊಡ್ಲಿಕ್ಕೆ ಆಗುವುದಿಲ್ಲ. ಮಗುವನ್ನು ವಾಟ್ಸಾಪ್ ಗ್ರೂಪಿಗೆ ಸೇರಿಸುವುದಾದ್ರೆ ನಿಮ್ಮ ನಂಬರ್ ಕೊಡಿ, ಅವರದ್ದಲ್ಲ.

4. ರೇಂಜು, ಕರೆಂಟು, ಡೇಟಾ

ಪೈವಳಿಕೆ, ಎಣ್ಮಕಜೆ, ದೇಲಂಪಾಡಿ ಕಡೆ ಗುಡ್ಡದ ಮನೆಗಳಲ್ಲಿ ರೇಂಜಿನ ಕಥೆ ಗೊತ್ತೇ ಉಂಟು, ಮಳೆಗಾಲದಲ್ಲಿ ಕರೆಂಟೂ ಇಲ್ಲ. ವಿಡಿಯೋ 360ಪಿಯಲ್ಲಿ ಇಟ್ರೆ ಸಾಕು, ಬೋರ್ಡಿನ ಅಕ್ಷರ ಕಾಣ್ತದೆ, ಡೇಟಾ ಉಳೀತದೆ. ರಾತ್ರಿ ಡೌನ್‌ಲೋಡ್ ಮಾಡಿಟ್ಟು ಬೆಳಿಗ್ಗೆ ನೋಡ್ಲಿ. ಲೈವ್ ಕ್ಲಾಸಲ್ಲಿ ಕಟ್ ಆಗ್ತಿದ್ರೆ ನಿಮ್ಮ ಕ್ಯಾಮರಾ ಆಫ್ ಮಾಡಿ, ಮಾತು ಮಾತ್ರ ಕೇಳ್ಲಿ. ಬಿಪಿಎಲ್ ಮನೆಗಳಿಗೆ ಕೆ-ಫೋನ್ (ಕೇರಳ ಸರ್ಕಾರದ ಇಂಟರ್ನೆಟ್ ಯೋಜನೆ) ಉಚಿತ ಕನೆಕ್ಷನ್ ಕೊಡುವ ಅವಕಾಶ ಉಂಟು, ಪಂಚಾಯತಲ್ಲಿ ವಿಚಾರಿಸಿ. ಊರಿನ ವಾಚನಾಲಯದಲ್ಲಿ ಕಂಪ್ಯೂಟರ್ ಇದ್ರೆ ನಾಲ್ಕು ಮಕ್ಕಳು ಒಟ್ಟಿಗೆ ಕೂತು ನೋಡಬಹುದು, ಹ್ಯುಮ್ಯಾನಿಟೀಸಿಗೆ ಅದು ಒಬ್ಬರೇ ನೋಡುವುದಕ್ಕಿಂತ ಒಳ್ಳೇದೇ, ಮುಗಿದ ಮೇಲೆ ಚರ್ಚೆ ಆಗ್ತದಲ್ಲ.

5. ಒಂದು ಪಾಠ ಹೀಗೆ ಮಾಡಿ

ಬಾಯಲ್ಲಿ ಹೇಳಿದ್ರೆ ಸ್ಪಷ್ಟ ಆಗುವುದಿಲ್ಲ, ಒಂದು ಪಾಠ ಹಿಡಿದು ತೋರಿಸ್ತೇನೆ. ಪ್ಲಸ್ ಟೂ ರಾಜ್ಯಶಾಸ್ತ್ರದಲ್ಲಿ ಸ್ವಾತಂತ್ರ್ಯದ ನಂತರದ ಭಾರತ ಅಂತ ಬರುವ ಪುಸ್ತಕದ ಮೊದಲ ಅಧ್ಯಾಯದಲ್ಲಿ ರಾಜ್ಯಗಳ ಪುನರ್ವಿಂಗಡಣೆ ಉಂಟು.

ಕ್ಲಾಸಿನ ಮೊದಲು: ಪುಸ್ತಕದ ಆ ನಾಲ್ಕೈದು ಪುಟ ಒಮ್ಮೆ ಓದಿ. ಅರ್ಥ ಆಗದಿದ್ರೂ ಸರಿ, ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಲ್ಲಿ ಗೆರೆ ಎಳೀರಿ. ಎರಡನೇ ನೋಟ್‌ಬುಕ್ಕಿದೆಯಲ್ಲ, ಅದನ್ನು ಪದಗಳಿಗೇ ಇಡಿ. ಮೂರು ಕಾಲಂ ಮಾಡಿ: ಇಂಗ್ಲಿಷ್ ಪದ, ಕನ್ನಡ ಪದ, ನಿಮ್ಮದೇ ಒಂದು ವಾಕ್ಯ. ಮೂರನೇ ಕಾಲಂ ಖಾಲಿ ಬಿಟ್ರೆ ಮೊದಲ ಎರಡು ಬರೆದದ್ದು ದಂಡ. ಕನ್ನಡ ಮೀಡಿಯಮ್ಮಿಂದ ಹೋದ ಮಕ್ಕಳು ಮೊದಲ ಮೂರು ತಿಂಗಳು ಇದನ್ನು ಬಿಡದೆ ಮಾಡಿದ್ರೆ ಓಣಂ ಪರೀಕ್ಷೆ ಹೊತ್ತಿಗೆ ಇಂಗ್ಲಿಷ್ ಪುಸ್ತಕದ ಹೆದರಿಕೆ ತುಂಬಾ ಕಡಿಮೆ ಆಗಿರ್ತದೆ. ಫೋನಿನ ಅನುವಾದದ ಆ್ಯಪ್ ಇಡೀ ಪುಟವನ್ನು ಕನ್ನಡ ಮಾಡಿ ಕೊಡ್ತದೆ ನಿಜ, ಆದರೆ ಪಾರಿಭಾಷಿಕ ಪದಗಳನ್ನು ಎಲ್ಲೆಲ್ಲಿಗೋ ಒಯ್ದುಬಿಡ್ತದೆ, ಒಂದು ವಾಕ್ಯದ ಸಾರ ತಿಳೀಲಿಕ್ಕೆ ಮಾತ್ರ ಬಳಸಿ.

ಕ್ಲಾಸಲ್ಲಿ: ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ (ರೆಕಾರ್ಡೆಡ್ ಆದ್ರೆ) ಪುಸ್ತಕ ಮುಚ್ಚಿ ಎರಡು ಸಾಲು ಬರೀರಿ. ಇಲ್ಲಿ ಬರಬೇಕಾದ್ದು: ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರಲ್ಲಿ ತೀರಿಕೊಂಡದ್ದು, 1953ರಲ್ಲಿ ಆಂಧ್ರ ರಾಜ್ಯ, ಅದೇ ವರ್ಷ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ಆಯೋಗ, 1956ರ ಕಾಯ್ದೆ, 14 ರಾಜ್ಯ 6 ಕೇಂದ್ರಾಡಳಿತ ಪ್ರದೇಶ. ಇಸವಿ ಬಾಯಿಪಾಠಕ್ಕಿಂತ ಮುಖ್ಯ ಇವುಗಳ ನಡುವಿನ ‘ಯಾಕೆ’. ಕಾಂಗ್ರೆಸ್ ಸ್ವಾತಂತ್ರ್ಯದ ಮೊದಲು ಭಾಷಾವಾರು ಪ್ರಾಂತ್ಯ ಒಪ್ಪಿತ್ತು, ಆಮೇಲೆ ನಾಯಕರು ಯಾಕೆ ಹಿಂದೇಟು ಹಾಕಿದ್ರು? ದೇಶ ವಿಭಜನೆ ಆಗಿ ಇನ್ನೂ ಗಾಯ ಹಸಿ ಇತ್ತು, ಭಾಷೆ ಹೆಸರಲ್ಲಿ ಇನ್ನೊಂದು ಒಡಕು ಬೇಡ ಅಂತ ಅವರ ಹೆದರಿಕೆ. ಇದನ್ನು ಮಗು ತನ್ನ ಮಾತಲ್ಲಿ ಹೇಳಿದ್ರೆ ಪಾಠ ಮುಗೀತು.

ಕ್ಲಾಸಿನ ನಂತರ: ಊರಿಗೆ ತನ್ನಿ. 1956ರ ನವೆಂಬರ್ 1ರಂದು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿತು. ಗಡಿ ವಿವಾದ ನೋಡ್ಲಿಕ್ಕೆ 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಬೇಕು ಅಂತ ಹೇಳಿತು, ಅದು ಜಾರಿಗೆ ಬರ್ಲಿಲ್ಲ. ಮನೆಯಲ್ಲಿ ಅಜ್ಜನ ಕಾಲದ ಜಾಗದ ಕಾಗದ ಇದ್ರೆ ತೆಗೆಸಿ ನೋಡ್ಲಿ, ಅದರಲ್ಲಿ ಜಿಲ್ಲೆ, ತಾಲೂಕು ಏನಂತ ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ, ಸ್ಟಾಂಪಿನ ಮೇಲೆ ಏನುಂಟು ಅಂತ. ಇದಕ್ಕೇ ಇತಿಹಾಸದಲ್ಲಿ ಮೂಲ ಆಕರ ಅಂತ ಹೇಳುದು, ಘಟನೆ ನಡೆದ ಕಾಲದ್ದೇ ಆದ ದಾಖಲೆ. ಒರಿಜಿನಲ್ ಕಾಗದ ಮಗುವಿನ ಕೈಗೆ ಕೊಟ್ಟು ಬಿಡ್ಬೇಡಿ, ಫೋಟೋ ತೆಗೆದು ಕೊಡಿ.

ಸಂವಿಧಾನದ ಪಾಠ ಬಂದಾಗ 350ಎ ವಿಧಿ ಹುಡುಕಿ ಓದ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯದ ಬಗ್ಗೆ ಹೇಳುವ ವಿಧಿ ಅದು, 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು. ತಾನು ಕೂತ ಬೆಂಚಿಗೂ ಸಂವಿಧಾನಕ್ಕೂ ಏನು ಸಂಬಂಧ ಅಂತ ನಮ್ಮ ಮಗುವಿಗೆ ಇದಕ್ಕಿಂತ ಚೆನ್ನಾಗಿ ತೋರಿಸ್ಲಿಕ್ಕೆ ಆಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ, ಗಡಿ ವಿಷಯದಲ್ಲಿ ನಮಗೆಲ್ಲ ಭಾವನೆ ಉಂಟು, ಇರಬೇಕಾದ್ದೇ, ಆದರೆ ಉತ್ತರಪತ್ರಿಕೆಯಲ್ಲಿ ಮೊದಲು ಪ್ರಶ್ನೆ ಕೇಳಿದ್ದನ್ನು ಬರೆದು ಮುಗಿಸಿ, ಊರಿನ ಉದಾಹರಣೆ ಕೊನೆಗೆ ಒಂದೆರಡು ಸಾಲಲ್ಲಿ ಬರಲಿ.

6. ಉತ್ತರ ಬರೆಯುವುದು

ವಾರಕ್ಕೆ ಕನಿಷ್ಠ ಮೂರು ಉತ್ತರ, ಕೈಯಲ್ಲೇ, ಗಡಿಯಾರ ಇಟ್ಕೊಂಡು. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ ಎರಡೂವರೆ ಗಂಟೆ, 80 ಅಂಕ, ಅದರ ಮೊದಲು 15 ನಿಮಿಷ ಕೂಲ್ ಆಫ್ ಟೈಮ್ (ಪ್ರಶ್ನೆ ಓದಿ ಯೋಚಿಸುವ ಸಮಯ, ಬರೆಯುವ ಹಾಗಿಲ್ಲ). ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗಲೂ ಆ 15 ನಿಮಿಷ ಬಿಡ್ಬೇಡಿ, ಯಾವ ಆಯ್ಕೆಯ ಪ್ರಶ್ನೆ ಬರೆಯುದು ಅಂತ ನಿರ್ಧಾರ ಆಗುವುದು ಆಗಲೇ. ಉಳಿದ 20 ಅಂಕ ಸಿಇ, ಅಂದ್ರೆ ವರ್ಷವಿಡೀ ಶಾಲೆಯಲ್ಲಿ ಪ್ರಾಜೆಕ್ಟ್, ಸೆಮಿನಾರ್, ಕ್ಲಾಸ್ ಟೆಸ್ಟ್ ನೋಡಿ ಕೊಡುವುದು, ಆನ್‌ಲೈನ್ ಕ್ಲಾಸಿನವರು ಅದಕ್ಕೆ ಏನೂ ಮಾಡ್ಲಿಕ್ಕೆ ಆಗುವುದಿಲ್ಲ. ಆನ್‌ಲೈನ್ ಕ್ಲಾಸ್ ಉಂಟು ಅಂತ ಶಾಲೆಗೆ ರಜೆ ಹಾಕುವ ಮಕ್ಕಳು ಕಳ್ಕೊಳ್ಳುವುದು ಇದನ್ನೇ.

ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಬೇರೆ ಬೇರೆ ವಿಚಾರ ಬೇಕು, ಒಂದೇ ವಿಚಾರವನ್ನು ಒಂದು ಪುಟ ಎಳೆದ್ರೆ ಅಂಕ ಬರುವುದಿಲ್ಲ. ಬರೆದಾದ ಮೇಲೆ ಮಗುವೇ ಅಂಚಿನಲ್ಲಿ 1, 2, 3, 4 ಅಂತ ಗುರುತು ಹಾಕಲಿ, ಎಲ್ಲಿ ಕಡಿಮೆ ಆಯ್ತು ಅಂತ ತಾನೇ ಕಾಣ್ತದೆ.

ಫೋಟೋ ತೆಗೆದು ಕಳಿಸುವಾಗ ಹಗಲು ಬೆಳಕಲ್ಲಿ, ಪುಟ ನೇರ ಇಟ್ಟು ತೆಗೀರಿ. ಮಂಕಾದ ಫೋಟೋವನ್ನು ಯಾರೂ ಕೂತು ತಿದ್ದುವುದಿಲ್ಲ.

ನಕ್ಷೆಗೆ ವಿಡಿಯೋ ನೋಡಿ ಪ್ರಯೋಜನವೇ ಇಲ್ಲ. ಖಾಲಿ ನಕ್ಷೆಯಲ್ಲಿ ದಿನಕ್ಕೆ ಐದು ಜಾಗ ಗುರುತಿಸಿ, ಆಮೇಲೆ ಅಟ್ಲಾಸ್ ನೋಡಿ ಸರಿ ಮಾಡಿ. ಇಸ್ರೋದ ಭುವನ್ ವೆಬ್‌ಸೈಟಲ್ಲಿ ನಿಮ್ಮ ಊರಿನ ಉಪಗ್ರಹ ಚಿತ್ರ ನೋಡಬಹುದು, ಹೊಳೆ ಎಲ್ಲಿ ತಿರುಗ್ತದೆ, ತೋಟ ಎಲ್ಲಿ, ಗುಡ್ಡ ಎಲ್ಲಿ ಅಂತ ಮಗು ಒಮ್ಮೆ ನೋಡಿದ್ರೆ ಮರೆಯುವುದಿಲ್ಲ. ಪ್ಲಸ್ ಟೂ ಭೂಗೋಳಕ್ಕೆ ಪ್ರಾಕ್ಟಿಕಲ್ ಉಂಟು, ಅದನ್ನು ಶಾಲೆಯಲ್ಲೇ ಕಲೀಬೇಕು.

ಎಐ ಆ್ಯಪ್ ಹತ್ತಿರ ಉತ್ತರ ಬರೆಸಿ ನೋಡಿ ಬರೆಯುವ ಅಭ್ಯಾಸ ಈಗ ಎಲ್ಲ ಕಡೆ ಬಂದಿದೆ. ಇಸವಿ, ಹೆಸರು, ವಿಧಿಯ ಸಂಖ್ಯೆ ಅದು ತಪ್ಪಾಗಿಯೂ ಧೈರ್ಯವಾಗಿ ಹೇಳ್ತದೆ. ಮಗು ಮೊದಲು ಬರೆಯಲಿ, ಆಮೇಲೆ ‘ಇದರಲ್ಲಿ ಏನು ಬಿಟ್ಟುಹೋಗಿದೆ’ ಅಂತ ಕೇಳಲಿ, ಬಂದ ಉತ್ತರವನ್ನು ಪುಸ್ತಕದಲ್ಲಿ ನೋಡಿ ಖಾತ್ರಿ ಮಾಡಲಿ.

7. ತಿಂಗಳಿಗೊಮ್ಮೆ ಸ್ಕ್ರೀನ್ ಬಿಟ್ಟು ಹೊರಗೆ

ಭೂಗೋಳದಲ್ಲಿ ಲ್ಯಾಟರೈಟ್ (ನಮ್ಮ ಮುರಕಲ್ಲು), ಅಂತರ್ಜಲ ಅಂತ ಬಂದ್ರೆ ಪೆರ್ಲ, ಬಾಯಾರು ಕಡೆ ಯಾವುದಾದ್ರೂ ಮನೆಯ ಸುರಂಗ ನೋಡಿ ಬನ್ನಿ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದದ್ದು, ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಗೋಡೆಯಿಂದ ನೀರು ಜಿನುಗಿ ನೆಲದ ಸಣ್ಣ ಕಣಿಯಲ್ಲಿ ಹರಿದು ಹೊರಗೆ ಬರ್ತದೆ, ಅಲ್ಲಿಂದ ಅಡಿಕೆ ದಂಬೆಯಲ್ಲೋ ಪೈಪಲ್ಲೋ ಕೆರೆಗೆ. ಮುರಕಲ್ಲಲ್ಲಿ ತೂತುಗಳಿವೆ, ಮಳೆ ನೀರು ಇಳೀತದೆ, ಕೆಳಗೆ ಗಟ್ಟಿ ಪದರ ಸಿಕ್ಕಿದಲ್ಲಿ ನಿಲ್ತದೆ ಅನ್ನುವುದು ಪುಸ್ತಕದಲ್ಲಿ ಎರಡು ಸಾಲು, ಇಲ್ಲಿ ಕೈಗೆ ತಾಗ್ತದೆ. ಮನೆಯವರ ಒಪ್ಪಿಗೆ ಇಲ್ಲದೆ, ದೊಡ್ಡವರು ಇಲ್ಲದೆ ಒಳಗೆ ಹೋಗ್ಬಾರದು, ಮಳೆಗಾಲದಲ್ಲಂತೂ ಹೋಗಲೇಬಾರದು.

ಇತಿಹಾಸಕ್ಕೆ ಬೇಕಲ ಕೋಟೆ ಉಂಟು, ಕೆಳದಿಯ ಶಿವಪ್ಪ ನಾಯಕ, ಹೈದರ್, ಟಿಪ್ಪು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿ, ನಾಲ್ಕು ಪಾಠಕ್ಕೆ ಒಂದು ಕೋಟೆ ಸಾಕು. ರಾಜ್ಯಶಾಸ್ತ್ರಕ್ಕೆ ನಿಮ್ಮ ವಾರ್ಡಿನ ಗ್ರಾಮಸಭೆ, ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ಕಾನೂನು ಉಂಟು, ಮಕ್ಕಳು ಅಪ್ಪ ಅಮ್ಮನ ಜೊತೆ ಹೋಗಿ ಹಿಂದೆ ಕೂತು ಯಾರು ಏನು ಕೇಳಿದ್ರು, ಮೆಂಬರ್ ಏನು ಹೇಳಿದ್ರು ಅಂತ ಬರ್ಕೊಳ್ಳಲಿ. ಸಿಇ ಪ್ರಾಜೆಕ್ಟಿಗೆ ಬೇರೆ ಹುಡುಕಬೇಕಾದ್ದೇ ಇಲ್ಲ.

8. ತಿಂಗಳ ಕೊನೆಗೆ ಪರೀಕ್ಷೆ, ಕ್ಲಾಸಿಗೆ

ಒಂದು ತಿಂಗಳಾದ ಮೇಲೆ ಮಗುವಿನ ಮಾರ್ಕ್ ನೋಡ್ಬೇಡಿ, ನೋಟ್‌ಬುಕ್ ತೆರೆದು ನೋಡಿ. ತಿದ್ದಿ ಬಂದ ಉತ್ತರ ಐದಾದ್ರೂ ಉಂಟಾ? ಎರಡನೇ ಉತ್ತರದಲ್ಲಿ ಟೀಚರ್ ಹೇಳಿದ ತಪ್ಪು ಐದನೆಯದ್ದರಲ್ಲಿ ಸರಿಯಾಗಿದೆಯಾ? ಪದಗಳ ನೋಟ್‌ಬುಕ್ಕಲ್ಲಿ ಮೂರನೇ ಕಾಲಂ ತುಂಬಿದೆಯಾ? ಇದೆಲ್ಲ ಇದ್ರೆ ಕ್ಲಾಸ್ ಮುಂದುವರಿಸಿ. ಇಲ್ಲದಿದ್ರೆ ಮೊದಲು ಮಗುವಿನ ಹತ್ತಿರ ಸಮಾಧಾನದಲ್ಲಿ ಕೇಳಿ, ಬರೆಯಲಿಲ್ಲವಾ ಅಥವಾ ಬರೆದು ಕಳಿಸಿದ್ರೂ ತಿದ್ದಿ ಬರ್ಲಿಲ್ಲವಾ ಅಂತ. ಬರೆದೂ ತಿದ್ದಿ ಬಾರದಿದ್ರೆ ಆ ತಿಂಗಳಿಗೇ ಕ್ಲಾಸ್ ನಿಲ್ಲಿಸಿ, ಉಚಿತ ವಿಡಿಯೋ ನೋಡಿ ಬರೆದ ಉತ್ತರಗಳನ್ನು ಶಾಲೆಯ ಟೀಚರಿಗೆ ತೋರಿಸ್ಲಿ. ಹೆಚ್ಚಿನ ಟೀಚರುಗಳು ಇಲ್ಲ ಅನ್ನುವುದಿಲ್ಲ, ವಾರಕ್ಕೆ ಎರಡು ಉತ್ತರ ಮಾತ್ರ ಕೊಡಿ, ಒಮ್ಮೆಗೇ ಇಪ್ಪತ್ತು ಕೊಡ್ಬೇಡಿ.